ಮುಂಬೈಯ ಯಂತ್ರಕ್ಕೆ ನಿದ್ರೆ ಕೊಡದ ಅಕ್ಕತಂಗಿ

ನಮ್ಮ ಚೆನ್ನೆಮಣೆ ಇದ್ದದ್ದು ಮುಂಬೈಯಲ್ಲಿ. ಪುತ್ತೂರಿನ ನಮ್ಮ ಓಣಿಯಲ್ಲಿ ಇದನ್ನು ಕೇಳಿ ಯಾರೂ ಬೆರಗಾಗಲಿಲ್ಲ, ಏಕೆಂದರೆ ಅಲ್ಲಿನ ಪ್ರತಿ ಮನೆಯವರಲ್ಲಿ ಒಬ್ಬರಾದರೂ ಒಂದು ಕಾಲದಲ್ಲಿ ಮುಂಬೈಯಲ್ಲಿ ಇದ್ದವರೇ. ಮಗಳು ಮಾಡಿದ ಆಟ ಎಲ್ಲಿದೆ ಎಂದು ನೆರೆಯವರು ವಿಚಾರಿಸಿದರೆ ಅಮ್ಮ, "ಮುಂಬೈಯಲ್ಲಿ ಬಾಡಿಗೆಗೆ ಉಂಟು" ಎಂದು ಹತ್ತಿರದ ಸಂಬಂಧಿಕರ ಸುದ್ದಿ ಹೇಳುವ ಧಾಟಿಯಲ್ಲಿ ಉತ್ತರಿಸುತ್ತಿದ್ದರು. ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಬೇರೆಯವರ ದೊಡ್ಡ ಕಟ್ಟಡದೊಳಗಿನ ಕಂಪ್ಯೂಟರುಗಳಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿಯುವುದು, ಜನ ಹೆಚ್ಚಾದರೆ ಇನ್ನೊಂದು ಮೂಲೆ ಕೇಳುವುದು, ಜನ ಚದುರಿದ ಮೇಲೆ ಎಲ್ಲವನ್ನೂ ಬಿಟ್ಟುಕೊಟ್ಟು ಯಂತ್ರವನ್ನು ಮಲಗಿಸುವುದು: ಕ್ಲೌಡ್ ಎಂದು ಲೋಕ ಕರೆಯುವುದು ಇದನ್ನೇ.

ಈ ಕೆಲಸಕ್ಕೆ ನಾನು ಇಳಿದದ್ದು ಒಂದು ಭಾಷಣದ ದೆಸೆಯಿಂದ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು, ಪಣವಿಟ್ಟು ಆಡುವ ಮೊಬೈಲ್ ಆಟಗಳ ವಿರುದ್ಧ ಊರೂರು ಸುತ್ತಿ ಮಾತನಾಡುತ್ತಿದ್ದೆ. ಒಂದು ಸಭೆಯಲ್ಲಿ, ನನ್ನ ಉಪಸಂಹಾರದ ಚಪ್ಪಾಳೆ ನಿಂತ ಮೇಲೆ, ಹಿಂದಿನ ಸಾಲಿನ ಹೆಂಗಸೊಬ್ಬರು ಎದ್ದು, "ಅದು ಬೇಡ, ಸರಿ. ಮತ್ತೆ ಎಂತ ಆಡುದು?" ಎಂದು ಕೇಳಿದರು. ಖಂಡನೆಗೆ ನನ್ನಲ್ಲಿ ಹದಿನೈದು ನಿಮಿಷಗಳ ಸಾಮಗ್ರಿಯಿತ್ತು. ಮಂಡನೆಗೆ ಒಂದು ವಾಕ್ಯವೂ ಇರಲಿಲ್ಲ. ಪಣವಿಲ್ಲದ, ಜಾಹೀರಾತಿಲ್ಲದ, ಯಾರನ್ನೂ ಅಂಟಿಸಿಕೊಳ್ಳದ ಆಟವೊಂದನ್ನು ನಾವೇ ಕಟ್ಟಬೇಕೆಂದು ನಾನು ನಿಶ್ಚಯಿಸಿದ್ದು ಅಂದು.

ಜತೆಗೆ ಇಬ್ಬರು ಸಿಕ್ಕರು. ಒಬ್ಬ ಸುಳ್ಯದ ಗೆಳೆಯ. ಯಾವುದೋ ಕಂಪೆನಿಯ ಸರ್ವರುಗಳನ್ನು ತನ್ನ ಮನೆಯ ಚಾವಡಿಯಿಂದಲೇ ಕಾಯುವವನು. ಇನ್ನೊಬ್ಬಳು ಕಬಕದ ಗೆಳತಿ. ಮದುವೆಯ ಕಾಗದಗಳಿಗೆ ಚಿತ್ರ ಬಿಡಿಸುವವಳು. ಅವನು ಅರೆಭಾಷೆಯಲ್ಲಿ ಗೊಣಗುತ್ತಿದ್ದ, ಅವಳು ಬ್ಯಾರಿಯಲ್ಲಿ, ನಾನು ತುಳುವಿನಲ್ಲಿ. ಪರಸ್ಪರ ಸಿಟ್ಟಾಗಬೇಕಾದಾಗ ಮಾತ್ರ, ಎಲ್ಲರಿಗೂ ಸಮನಾಗಿ ತಾಗಲೆಂದು, ಕನ್ನಡವನ್ನು ಬಳಸುತ್ತಿದ್ದೆವು. ನಮ್ಮ ಸಭೆಗಳು ನಡೆಯುತ್ತಿದ್ದದ್ದು ಕುಂಬ್ರದ ಒಂದು ಹೋಟೆಲಿನಲ್ಲಿ, ಬನ್ಸು ಮತ್ತು ಚಹಾದ ಮುಂದೆ. ಪುತ್ತೂರಿಗೂ ಸುಳ್ಯಕ್ಕೂ ಅದು ನಡುವೆ ಎಂಬುದು ನನ್ನ ವಾದ. ಕಬಕ ಪುತ್ತೂರಿನ ಆಚೆ ಬದಿಯಲ್ಲಿದೆ ಎಂಬುದು ಗೆಳತಿಯ ನಿರಂತರ ಆಕ್ಷೇಪ.

ಚೆನ್ನೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಮರದ ಮಣೆಯಲ್ಲಿ ಎರಡು ಸಾಲು ಗುಳಿಗಳು, ಗುಳಿಗಳಲ್ಲಿ ಮಂಜೊಟ್ಟಿ ಎಂಬ ಕೆಂಪು ಬೀಜದ ಕಾಯಿಗಳು. ಒಂದು ಗುಳಿಯಿಂದ ಕಾಯಿಗಳನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈಯಲ್ಲಿದ್ದದ್ದು ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಗಳಿಕೆ. ಮಳೆಯಿಂದಾಗಿ ಹೊರಗಿನ ಕೆಲಸ ನಿಂತಿರುವ ಆಟಿ ತಿಂಗಳಿನಲ್ಲಿ ಮಣೆ ಅಟ್ಟದಿಂದ ಇಳಿಯುತ್ತದೆ, ತಿಂಗಳು ಮುಗಿದ ಮೇಲೆ ಮತ್ತೆ ಅಟ್ಟ ಸೇರುತ್ತದೆ. ಇದನ್ನು ಮೊಬೈಲಿಗೆ ತಂದು, ಬೇರೆ ಬೇರೆ ಮನೆಗಳಲ್ಲಿ ಕುಳಿತ ಇಬ್ಬರು ಆಡುವಂತೆ ಮಾಡುವುದು ನಮ್ಮ ಯೋಜನೆ. ಆಟಗಾರರು ನಿಜ ಹೆಸರಿನ ಬದಲು ಗುಡ್ಡೆಯ ಹೂವು, ಹಣ್ಣುಗಳ ಹೆಸರುಗಳಿಂದ ಒಂದನ್ನು ಆರಿಸಿಕೊಳ್ಳಬೇಕು ಎಂದು ನಾನೇ ಸೂಚಿಸಿದೆ. ಎದುರಿಗಿರುವವರ ಜಾತಿ, ಮನೆತನ, ಶ್ರೀಮಂತಿಕೆ ಯಾವುದೂ ತಿಳಿಯದೆ ಆಟವೊಂದೇ ಉಳಿಯಬೇಕು ಎಂಬುದು ನನ್ನ ಆಶಯವಾಗಿತ್ತು. ಇಂದಿಗೂ ಅದೇ ಆಶಯ.

ಮೊದಲ ದೊಡ್ಡ ವಿವಾದ ಎದ್ದದ್ದು ಸಮಯದ ವಿಷಯದಲ್ಲಿ. ನಿಗದಿತ ಹೊತ್ತಿನೊಳಗೆ ನಡೆ ಇಡದವರು ಸೋತಂತೆ ಎಂಬ ನಿಯಮ ಎಲ್ಲ ಆನ್‌ಲೈನ್ ಆಟಗಳಲ್ಲೂ ಇರುತ್ತದೆ ಎಂದು ಸುಳ್ಯದ ಗೆಳೆಯ ಹೇಳಿದ. ಅಂಥ ನಿಯಮವೇ ಮನುಷ್ಯನನ್ನು ಮೊಬೈಲಿಗೆ ಕಟ್ಟಿಹಾಕುವ ಹಗ್ಗವೆಂದು ನಾನು ಎದ್ದು ನಿಂತು ಪ್ರತಿಪಾದಿಸಿದೆ. ಆಟ ಮನುಷ್ಯನಿಗಾಗಿ ಕಾಯಬೇಕು. ಮನುಷ್ಯ ಆಟಕ್ಕಾಗಿ ಕಾಯಬಾರದು. ಒಬ್ಬರು ನಡುವೆ ಎದ್ದು ಹೋದರೂ ಅವರ ಕೋಣೆ, ಅಂದರೆ ಯಂತ್ರದಲ್ಲಿ ಆ ಒಂದು ಆಟಕ್ಕೆಂದು ಇಟ್ಟ ಜಾಗ, ತೆರೆದೇ ಇರಬೇಕು. ಗುಂಡ್ಯ ದಾಟಿ ಬಸ್ಸು ಶಿರಾಡಿ ಘಾಟಿ ಹತ್ತಿದ ಕೂಡಲೇ ಸಿಗ್ನಲ್ ಹೋಗುತ್ತದಲ್ಲ, ಹಾಗಾದರೆ ಘಾಟಿ ಹತ್ತಿದವರೆಲ್ಲ ಸೋತವರೇ ಎಂದು ಕೇಳಿದೆ. ಪಕ್ಕದ ಮೇಜಿನವರು ತಲೆದೂಗಿದರು.

"ನಿನ್ನ ಹತ್ತಿರ ವಾದ ಮಾಡುದಕ್ಕಿಂತ ಕೋಡ್ ಬರೆಯುದು ಸುಲಭ ಮಾರಾಯ್ತಿ" ಎಂದು ಅವನು ಬರೆದುಕೊಟ್ಟ. ಕೋಣೆ ಮುಚ್ಚುವುದು ಆಟ ಮುಗಿದಾಗ, ಇಲ್ಲವೇ ಒಬ್ಬರು ಸೋಲು ಒಪ್ಪಿ ಎದ್ದಾಗ. ಏನಾದರೂ ಅನಾಹುತವಾಗಿ ನಾವೇ ಮುಚ್ಚಬೇಕಾಗಿ ಬಂದರೆ, ಆಗ ಯಾರ ಸರದಿಯೋ ಅವರು ಸೋತಂತೆ. ಈ ಕೊನೆಯ ಭಾಗ ಯಾರಿಗೂ ಬೇಕಾಗದು ಎಂದು ಮೂವರೂ ಒಮ್ಮತದಿಂದ ತೀರ್ಮಾನಿಸಿದೆವು.

ಎರಡನೆಯದು, ಯಾರ ಎದುರು ಯಾರನ್ನು ಕೂರಿಸಬೇಕು ಎಂಬುದು. ಸಮಬಲರ ಎದುರು ಸಮಬಲರೇ ಇರಬೇಕೆಂದು ನಾನು ನ್ಯಾಯದ ಪಕ್ಷದಿಂದ ವಾದಿಸಿದೆ. ಆದಷ್ಟು ಹತ್ತಿರದ ಊರಿನವರನ್ನು ಜೋಡಿಸಿದರೆ ಮಾತೂ ರೀತಿಯೂ ಹೊಂದುತ್ತವೆ ಎಂದು ಗೆಳತಿ ಹೇಳಿದಳು. ಎರಡೂ ನಿಯಮಗಳು ಯಂತ್ರದೊಳಗೆ ಹೋದವು. ಭೂಮಿಯ ಬೇರಾವ ಮೂಲೆಯಲ್ಲಿ ಈ ಎರಡು ನಿಯಮಗಳನ್ನು ಬರೆದಿದ್ದರೂ ಯಾರಿಗೂ ಕೇಡಾಗುತ್ತಿರಲಿಲ್ಲ. ಆದರೆ ನಮ್ಮಲ್ಲಿ ಚೆನ್ನೆಗೆ ಒಂದು ಕಟ್ಟಳೆಯಿದೆ: ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರಾಗಿ ಕೂತು ಚೆನ್ನೆ ಆಡಬಾರದು. ಬಹಳ ಹಿಂದೆ ಹಾಗೆ ಆಡಿದ ಇಬ್ಬರು ಸೋದರಿಯರು ಜಗಳವಾಡಿ ಇಬ್ಬರೂ ಉಳಿಯಲಿಲ್ಲವೆಂಬ ಕಥೆಯನ್ನು ಇಲ್ಲಿನ ಹೆಣ್ಣುಮಕ್ಕಳು ಮಣೆಯ ಜತೆಯಲ್ಲೇ ಕೇಳಿ ಬೆಳೆಯುತ್ತಾರೆ. ನಾವು ಮೂವರೂ ಆ ಕಥೆ ಗೊತ್ತಿದ್ದವರೇ. ಒಂದೇ ಊರಿನ, ಒಂದೇ ಅಜ್ಜಿಯ ಕೈಯಲ್ಲಿ ಕಲಿತ, ಸಮಬಲದ ಇಬ್ಬರು ಆಟಗಾರರು ಸಾಮಾನ್ಯವಾಗಿ ಯಾರಾಗಿರುತ್ತಾರೆ ಎಂಬುದು ಮಾತ್ರ ನಮ್ಮ ತಲೆಗೆ ಹೊಳೆಯಲಿಲ್ಲ.

ಆಟಿಯ ಆರಂಭದಲ್ಲಿ ಆಟ ತೆರೆಯಿತು. ಅಮ್ಮ 'ಕೇಪುಳ' ಎಂಬ ಹೂವಿನ ಹೆಸರು ಆರಿಸಿಕೊಂಡು, ನೋಡನೋಡುತ್ತಿದ್ದಂತೆ ಪಟ್ಟಿಯ ಮೇಲ್ತುದಿಗೆ ಏರಿದರು. ಕಡಬದ ಮಹಿಳಾ ಮಂಡಲದವರು ಬರುವ ಭಾನುವಾರ ತಮ್ಮವರಿಗೆಲ್ಲ ಇದರಲ್ಲೇ ಸ್ಪರ್ಧೆ ಇಡುವುದಾಗಿ ತಿಳಿಸಿದರು. ಅಷ್ಟು ಜನ ಒಮ್ಮೆಲೇ ಬಂದರೆ ಈಗಿನ ಪುಟ್ಟ ಯಂತ್ರ ತಾಳದು, ದೊಡ್ಡದಕ್ಕೆ ಮನೆ ಬದಲಿಸಬೇಕು ಎಂದು ಸುಳ್ಯದ ಗೆಳೆಯ ಸಿದ್ಧತೆ ಶುರು ಮಾಡಿದ. ಒಂದು ಬೆಳಿಗ್ಗೆ ಅವನ ಫೋನು ಬಂತು.

"ನಮ್ಮ ಯಂತ್ರ ಮಲಗುದೇ ಇಲ್ಲ."

ಯಾಕೆಂದು ಕೇಳಿದೆ.

"ಒಂದು ಕೋಣೆಯಲ್ಲಿ ಇಬ್ಬರು ಕೂತಿದ್ದಾರೆ. ಆಡುದೂ ಇಲ್ಲ, ಏಳುದೂ ಇಲ್ಲ. ಅವರು ಇರುವಷ್ಟು ಹೊತ್ತು ಅದಕ್ಕೆ ಮಲಗ್ಲಿಕ್ಕೆ ಆಗುದಿಲ್ಲ, ನನಗೆ ಅದನ್ನು ಬದಲಿಸ್ಲಿಕ್ಕೂ ಆಗುದಿಲ್ಲ. ನಿನ್ನ ತತ್ವ ಅಲ್ವಾ, ಕಾಯಬೇಕು ಅಂತ? ಕಾಯ್ತಾ ಉಂಟು."

ಆ ಇಬ್ಬರು ಯಾರೆಂದು ವಿಚಾರಿಸಿದೆ.

"ಕೇಪುಳ ಮತ್ತು ಕುಂಟಾಲ."

ನಾನು ಅಡುಗೆಮನೆಯತ್ತ ನೋಡಿದೆ. ಕೇಪುಳ ತೆಂಗಿನಕಾಯಿ ತುರಿಯುತ್ತಿತ್ತು. ಕುಂಟಾಲದ ಸಂಪರ್ಕ ಎಲ್ಲಿಯದೆಂದು ಕೇಳಿದಾಗ ಅವನು ಸುಳ್ಯದ್ದು ಎಂದ. ಸುಳ್ಯದಲ್ಲಿ ಅಮ್ಮನಷ್ಟೇ ಚೆನ್ನಾಗಿ ಚೆನ್ನೆ ಆಡುವವರು ಒಬ್ಬರೇ ಇದ್ದಾರೆ. ಅವರು ಅಮ್ಮನ ತಂಗಿ, ನನ್ನ ಚಿಕ್ಕಮ್ಮ.

ಆಗ ನನಗೆ ಇನ್ನೊಂದು ಸಂಗತಿ ತಟ್ಟಿತು. ಸಂಜೆ ದೀಪ ಹಚ್ಚಿದ ಮೇಲೆ ಈ ಅಕ್ಕತಂಗಿಯರ ಫೋನು ನಡೆಯುತ್ತದೆ. ಯಾವ ಪದಾರ್ಥ, ಯಾರ ಮೊಣಕಾಲು ನೋವು, ಯಾರ ಮನೆಯ ನೆಂಟರು ಎಷ್ಟು ತಿಂದರು ಎಂಬೆಲ್ಲ ವಿಷಯಗಳು ಅಲ್ಲಿ ವಿಚಾರಣೆಗೆ ಬರುತ್ತವೆ. ನನಗೆ ಬುದ್ಧಿ ಬಂದಂದಿನಿಂದ ಆ ಫೋನು ತಪ್ಪಿದ್ದಿಲ್ಲ. ಅಪ್ಪನ ಆಪರೇಷನ್ನಿನ ದಿನವೂ ಆಸ್ಪತ್ರೆಯ ವರಾಂಡದಿಂದ ನಡೆದಿತ್ತು. ಈಗ ಕೆಲವು ಸಂಜೆಗಳಿಂದ ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು, ಅಮ್ಮ ಅದರ ಪಕ್ಕದಲ್ಲೇ ಕೂತು ಬೇರೆ ಕಡೆ ನೋಡುತ್ತಿದ್ದರು.

ಅಮ್ಮನ ಬಳಿ ಕೂತು ಮಾತು ತೆಗೆದೆ. ನಮ್ಮ ಮಾತು ತುಳುವಿನದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಗೊತ್ತಾದದ್ದು ಹೀಗೆ. ನಮ್ಮ ಆಟದಲ್ಲಿ ಒಬ್ಬರು ಗುಳಿಯನ್ನು ಮುಟ್ಟಿದರೆ ಅದು ಇನ್ನೊಬ್ಬರ ಪರದೆಯಲ್ಲೂ ಮಿನುಗುವಂತೆ ಕಬಕದ ಗೆಳತಿ ಚಂದಕ್ಕೆಂದು ಮಾಡಿದ್ದಳು. ಆಟ ನಡುವಿಗೆ ಬಂದಾಗ ಕುಂಟಾಲದ ಕಡೆಯ ಮೂಲೆಗುಳಿ ಮಿನುಗಿತು, ಆರಿತು, ಮತ್ತೆ ಮಿನುಗಿತು, ಮತ್ತೆ ಆರಿತು. ಆ ನಡೆ ಮುಗಿದು ಸರದಿ ತಮ್ಮದಾದಾಗ ಅಮ್ಮ ಕೈ ಹಿಂದೆಗೆದಿದ್ದರು.

"ಗುಳಿಯನ್ನು ಮುಟ್ಟಿ ಮುಟ್ಟಿ ಬಿಡುದು, ಎತ್ತುದಿಲ್ಲ" ಎಂದರು ಅಮ್ಮ. "ಸಣ್ಣದಿರುವಾಗಲೇ ಹಾಗೆ. ಅಜ್ಜಿ ಕೈಗೆ ಹೊಡೀತಿದ್ರು."

ಹಾಗಾದರೆ ಎದುರಿಗಿರುವುದು ಚಿಕ್ಕಮ್ಮನೇ ಎಂದು ಖಚಿತವಾಯಿತಲ್ಲ ಎಂದೆ.

"ನಾನು ಹಾಗೆ ಹೇಳ್ಲಿಲ್ಲ" ಎಂದರು ಅಮ್ಮ. "ಹೇಳುದು ನೀನು."

ಈ ಸೂಕ್ಷ್ಮ ನನಗೆ ಕ್ರಮೇಣ ಅರ್ಥವಾಯಿತು. ಅಮ್ಮ ತಟಸ್ಥರಾದದ್ದನ್ನು ಕಂಡು ಆ ಬದಿಯಲ್ಲಿ ಚಿಕ್ಕಮ್ಮನೂ ಊಹಿಸಿರಬೇಕು. ಬಾಯಿಬಿಟ್ಟು ಹೇಳದಿರುವ ತನಕ ಅದು ಕೇಪುಳಕ್ಕೂ ಕುಂಟಾಲಕ್ಕೂ ನಡೆಯುವ ಆಟ. ಹೇಳಿದ ಕ್ಷಣ ಅಕ್ಕತಂಗಿಯರ ಆಟ. ಫೋನು ಮಾಡಿದರೆ ಬಾಯಿ ಜಾರುತ್ತದೆ, ಆದ್ದರಿಂದ ಫೋನಿಲ್ಲ. ನಡೆ ಇಟ್ಟರೆ ಆಡಿದಂತಾಗುತ್ತದೆ, ಆದ್ದರಿಂದ ನಡೆಯಿಲ್ಲ. ಎದ್ದರೆ ಒಬ್ಬರು ಸೋತು ಇನ್ನೊಬ್ಬರು ಗೆಲ್ಲುತ್ತಾರೆ. ಆದ್ದರಿಂದ ಏಳುವಂತೆಯೂ ಇಲ್ಲ. ಇಬ್ಬರು ವಾಗ್ಮಿಗಳು ತಿಂಗಳು ಕೂತು ಯೋಚಿಸಿದರೂ ಇಷ್ಟು ಬಿಗಿಯಾದ ಗಂಟು ಹಾಕಲಾರರು.

ನಾನು ವಾದ ಹೂಡಿದೆ. ಕಥೆಯೊಂದು ಕಾರಣವಾಗಲಾರದು ಎಂದೆ. ಕಾಯಿಗಳಿಗೆ ರಕ್ತಸಂಬಂಧ ತಿಳಿಯದು ಎಂದೆ. ಅದೂ ಇಲ್ಲಿ ಕಾಯಿಗಳೇ ಇಲ್ಲ, ಮುಂಬೈಯ ಯಂತ್ರವೊಂದರಲ್ಲಿ ಕೆಲವು ಅಂಕಿಗಳಿವೆ ಅಷ್ಟೇ ಎಂದೆ. ಅಮ್ಮ ಕೊನೆಯ ತನಕ ಗಮನವಿಟ್ಟು ಕೇಳಿದರು. ನನ್ನ ಚರ್ಚಾಸ್ಪರ್ಧೆಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದದ್ದೂ ಹೀಗೆಯೇ.

"ನೀನು ಹೇಳುದೆಲ್ಲ ಸರಿ ಮಗಾ" ಎಂದರು. "ನಾಳೆ ಅವಳಿಗೆ ಒಂದು ಜ್ವರ ಬಂದ್ರೆ ನಾನು ಯಾರ ಹತ್ತಿರ ವಾದ ಮಾಡುದು?"

ಪ್ರತಿವಾದ ನನ್ನಲ್ಲಿ ಸಿದ್ಧವಿತ್ತು. ಅದನ್ನು ಮಂಡಿಸಿದರೆ ಆ ಫೋನು ಮೊಳಗುವುದಿಲ್ಲ ಎಂದು ಮಾತ್ರ ಸ್ಪಷ್ಟವಿತ್ತು.

ಕುಂಬ್ರದಲ್ಲಿ ತುರ್ತು ಸಭೆ ಸೇರಿತು. ಸುಳ್ಯದ ಗೆಳೆಯ ತನ್ನ ಕಡೆಯ ಕಷ್ಟ ಹೇಳಿದ: ಭಾನುವಾರಕ್ಕೆ ಯಂತ್ರ ಬದಲಾಗಲೇಬೇಕು, ಬದಲಾಗಬೇಕಾದರೆ ಕೋಣೆ ಮುಚ್ಚಲೇಬೇಕು, ಮುಚ್ಚಿದರೆ ನಿಯಮದ ಪ್ರಕಾರ ಸರದಿಯಲ್ಲಿದ್ದವರು ಸೋಲುತ್ತಾರೆ. ಸರದಿಯಲ್ಲಿದ್ದವರು ಅಮ್ಮ. ಅಕ್ಕನನ್ನು ಸೋಲಿಸಿದ ಭಾರವನ್ನು ಚಿಕ್ಕಮ್ಮನ ತಲೆಗೆ ಹೊರಿಸಿ ಕಡಬದಲ್ಲಿ ಸ್ಪರ್ಧೆ ನಡೆಸುವುದು ನನ್ನಿಂದಾಗದು ಎಂದೆ. ಸಮ ಎಂದು ಬರೆದುಬಿಡೋಣವೇ ಎಂದು ಅವನು ಕೇಳಿದ. ಸಮವಾದರೂ ಇಬ್ಬರು ಆಡಿ ಮುಗಿಸಿದಂತೆಯೇ ಎಂದು ಅಮ್ಮ ಅದನ್ನು ಬೆಳಿಗ್ಗೆಯೇ ತಳ್ಳಿಹಾಕಿದ್ದರು.

ಮುಂದೆ ಹೀಗಾಗದಂತೆ ಎಲ್ಲರಲ್ಲೂ ಅವರ ಬಳಿ ಯಾವುದೆಂದು ಕೇಳಿಕೊಳ್ಳೋಣ, ಒಂದೇ ಬಳಿಯವರನ್ನು ಜೋಡಿಸದಿರೋಣ ಎಂಬ ಸಲಹೆಯನ್ನೂ ಅವನೇ ಕೊಟ್ಟ. ಬಳಿ ಎಂದರೆ ಇಲ್ಲಿನ ಹಲವು ಸಮುದಾಯಗಳಲ್ಲಿ ಒಂದೇ ಮೂಲದ ಕುಟುಂಬಗಳ ಗುಂಪು. ಒಂದೇ ಬಳಿಯವರೆಲ್ಲ ಒಡಹುಟ್ಟಿದವರ ಲೆಕ್ಕ.

"ನಮಗೆ ಬಳಿಯೇ ಇಲ್ಲ" ಎಂದಳು ಕಬಕದ ಗೆಳತಿ. "ಹಾಗಾದ್ರೆ ಬ್ಯಾರಿಗಳು ಇಡೀ ತಾಲೂಕಿನೊಟ್ಟಿಗೆ ಆಡುದು, ನಿಮ್ಮ ಸುಳ್ಯದವರು ಎಲ್ಲ ಸಂಬಂಧಿಕರೇ ಆಗಿ ಜೊತೆ ಸಿಗದೆ ಗೋಡೆ ನೋಡಿಕೊಂಡು ಕೂರುದು. ನನಗೆ ಅಡ್ಡಿಯಿಲ್ಲ."

ಹೂವಿನ ಹೆಸರಿಟ್ಟು ಹೊರಗೆ ಹಾಕಿದ ಮನೆತನವನ್ನು ಹಿಂಬಾಗಿಲಿನಿಂದ ಕರೆತರುವುದನ್ನು ನಾನು ತತ್ವಶಃ ವಿರೋಧಿಸಿದೆ. ಎದುರಿಗಿರುವವರು ಬೇಡವೆನಿಸಿದರೆ ಕಾರಣ ಹೇಳದೆ ಮೊದಲ ನಡೆಗೆ ಮುಂಚೆಯೇ ಬೇರೆಯವರನ್ನು ಕೇಳಬಹುದು ಎಂಬಲ್ಲಿಗೆ ಒಪ್ಪಂದವಾಯಿತು. ಇದು ಮುಂದಿನವರಿಗೆ ಪರಿಹಾರ. ಅಮ್ಮನ ಕೋಣೆ ಹಾಗೆಯೇ ಇತ್ತು.

ಚಹಾ ತಣ್ಣಗಾಗುತ್ತಿದ್ದಾಗ ಗೆಳತಿಯೇ ಮಾತಾಡಿದಳು. "ನಮ್ಮಲ್ಲಿ ಕೇರಂ ಆಡುವಾಗ ಒಳಗಿಂದ ಉಮ್ಮ ಕರೆದ್ರೆ ಪಕ್ಕದವರನ್ನು ಕೂರಿಸಿ ಹೋಗುದು. ಮತ್ತೆ ಆಟ ಅವರದ್ದೇ. ಗೆದ್ದರೂ ಅವರು, ಸೋತರೂ ಅವರು. ನಿಮ್ಮಲ್ಲಿ ಇಲ್ವಾ?"

ಇಲ್ಲದೆ ಏನು? ಒಲೆಯ ಮೇಲೆ ಹಾಲು ಉಕ್ಕುವ ಲಕ್ಷಣ ಕಂಡರೆ ಅಮ್ಮ ತಮ್ಮ ಜಾಗಕ್ಕೆ ಯಾರನ್ನಾದರೂ ಎಳೆದು ಕೂರಿಸಿ ಓಡುವುದನ್ನು ಎಷ್ಟು ಸಲ ನೋಡಿಲ್ಲ? ಜಗತ್ತಿನ ಎಲ್ಲ ಮಣೆಗಳ ಸುತ್ತ ಇರುವ ಈ ಸೌಲಭ್ಯವನ್ನು ನಮ್ಮ ಆಟದಲ್ಲಿ ಇಡಲು ನಾವು ಮರೆತಿದ್ದೆವು.

ಇದನ್ನು ಕೇಳಿ ಸುಳ್ಯದ ಗೆಳೆಯನ ಮುಖದಲ್ಲಿ ಬೇರೆಯೇ ಬೆಳಕು ಬಂತು. ಆಟಗಾರರಿಗೆ ಇದು ಸಾಧ್ಯವಾದರೆ ಯಂತ್ರಕ್ಕೂ ಸಾಧ್ಯ ಎಂದು ಅವನು ವಿವರಿಸಿದ. ಈವರೆಗೆ ಯಾವ ಗುಳಿಯಲ್ಲಿ ಎಷ್ಟು ಕಾಯಿ ಎಂಬುದು ಆ ಒಂದು ಯಂತ್ರದ ನೆನಪಿನಲ್ಲಿ ಮಾತ್ರ ಇತ್ತು. ಅದು ಮಲಗಿದರೆ ಎಲ್ಲ ಮರೆತುಹೋಗುತ್ತಿತ್ತು. ಅದನ್ನು ಹೊರಗಿನ ಒಂದು ಕಣಜದಲ್ಲಿ ಆಗಾಗ ಇಡುತ್ತಿದ್ದರೆ, ಹಳೆಯ ಯಂತ್ರ ಎದ್ದುಹೋಗಿ ಹೊಸದು ಅದೇ ಜಾಗದಲ್ಲಿ ಕೂತು ಆಟ ಮುಂದುವರಿಸಬಹುದು. ಅಲ್ಲಿಯೇ ಲ್ಯಾಪ್‌ಟಾಪ್ ಬಿಡಿಸಿದ. ಹೋಟೆಲಿನವರು ಮೇಜು ಒರೆಸುವ ನೆಪದಲ್ಲಿ ಹಲವು ಬಾರಿ ಸುತ್ತಿ ಹೋದರು.

ಶನಿವಾರ ಸಂಜೆ ಎಲ್ಲರ ಮೊಬೈಲುಗಳಲ್ಲಿ ಹೊಸ ಗುಂಡಿಯೊಂದು ಕಾಣಿಸಿಕೊಂಡಿತು: 'ನೀವು ಕೂತುಕೊಳ್ಳಿ.' ಅಮ್ಮ ಕನ್ನಡಕ ಹಾಕಿ ಅದನ್ನು ಪರಿಶೀಲಿಸಿದರು.

"ಇದನ್ನು ಒತ್ತಿದ್ರೆ ನಾನು ಎದ್ದ ಹಾಗಾ, ಸೋತ ಹಾಗಾ?"

"ಎದ್ದ ಹಾಗೆ. ಆಟ ಕೂತವರದ್ದು."

ಅಮ್ಮ ಗುಂಡಿಯನ್ನು ಒತ್ತಿ, ಮೊಬೈಲನ್ನು ನನ್ನ ಮಡಿಲಿಗೆ ಹಾಕಿ, ಇಲ್ಲದ ಹಾಲನ್ನು ನೋಡಲು ಅಡುಗೆಮನೆಗೆ ಹೋದರು. ಚೆನ್ನೆಯ ಬಗ್ಗೆ ನಾನು ಒಂದು ಗಂಟೆ ಮಾತನಾಡಬಲ್ಲೆ, ಆಡಲು ಬಾರದು. ಮನಸ್ಸಿಗೆ ತೋಚಿದ ಗುಳಿಯನ್ನು ಬಾಚಿದೆ. ಅಮ್ಮ ಕಷ್ಟಪಟ್ಟು ಕೂಡಿಹಾಕಿದ್ದ ಕಾಯಿಗಳು ಎದುರಾಳಿಯ ಅಂಗಳದಲ್ಲಿ ದಾನವಾಗಿ ಹಂಚಿಹೋದವು.

ಕುಂಟಾಲದ ಕಡೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಚಿಕ್ಕಮ್ಮ ಇನ್ನೂ ಅಲ್ಲಿ ಅಕ್ಕನೇ ಇದ್ದಾಳೆಂದು ಅಂಜುತ್ತಿದ್ದಾರೆಯೇ ಎಂದು ನನಗೆ ಆತಂಕವಾಯಿತು. ಆಮೇಲೆ ಒಮ್ಮೆಲೇ ಒಂದು ನಡೆ ಬಂತು. ಯಾವ ಗುಳಿಯೂ ಮುಂಚಿತವಾಗಿ ಮಿನುಗಲಿಲ್ಲ. ನೇರವಾಗಿ ಬಾಚಿ, ನೇರವಾಗಿ ಸುರಿದು, ನಾನು ದಾನ ಕೊಟ್ಟದ್ದನ್ನೆಲ್ಲ ಬಡ್ಡಿಸಹಿತ ನನಗೇ ಮರಳಿಸಿದ ನಡೆ ಅದು. ಕೆಟ್ಟ ನಡೆ ಎಂದು ನನಗೂ ತಿಳಿಯುವಷ್ಟು ಕೆಟ್ಟದಾಗಿತ್ತು. ಕುಂಟಾಲದ ಜಾಗದಲ್ಲಿಯೂ ಬೇರೆ ಯಾರೋ ಕೂತಿದ್ದರು.

ಮೇಜಿನ ಮೇಲೆ ಅಮ್ಮನ ಇನ್ನೊಂದು ಹಳೆಯ ಫೋನು ಮೊಳಗಿತು. ಅಮ್ಮ ಕೈ ಒರೆಸುತ್ತ ಬಂದ ವೇಗಕ್ಕೆ ನನ್ನ ಕಾಲನ್ನೇ ತುಳಿದರು. ಕಿವಿ ಮಂದವಾದ್ದರಿಂದ ಅವರು ಸ್ಪೀಕರಿನಲ್ಲೇ ಮಾತಾಡುವುದು.

"ಅಕ್ಕಾ, ಕಾಫಿ ಆಯ್ತಾ?"

"ಆಯ್ತು. ನಿನ್ನದು?"

"ಆಯ್ತು. ಇಲ್ಲಿ ಇವರು ಮೊಬೈಲಲ್ಲಿ ಎಂತದೋ ಆಟಕ್ಕೆ ಕೂತಿದ್ದಾರೆ. ಬರುದಿಲ್ಲ, ಪಾಪ."

ಇವರು ಎಂದರೆ ಚಿಕ್ಕಪ್ಪ. ವಾಲಿಬಾಲ್ ಹೊರತು ಬೇರೆ ಯಾವ ಆಟವನ್ನೂ ಜೀವಮಾನದಲ್ಲಿ ಮುಟ್ಟದವರು.

"ಇಲ್ಲಿ ಮಗಳೂ ಆಡ್ತಾ ಇದ್ದಾಳೆ" ಎಂದರು ಅಮ್ಮ. "ಅವಳಿಗೂ ಬರುದಿಲ್ಲ."

ಆಮೇಲೆ ನಡೆದದ್ದು ನನ್ನ ಸಾರ್ವಜನಿಕ ಜೀವನದ ಅತ್ಯಂತ ಕಠಿಣ ವಿಮರ್ಶೆ. ಪುತ್ತೂರಿನಲ್ಲಿ ನಾನು ಗುಳಿ ಮುಟ್ಟಿದರೆ ಅಮ್ಮ ಹಣೆಗೆ ಕೈ ಹಚ್ಚುತ್ತಿದ್ದರು. ಸುಳ್ಯದಲ್ಲಿ ಚಿಕ್ಕಪ್ಪ ಮುಟ್ಟಿದರೆ ಸ್ಪೀಕರಿನಿಂದ ದೀರ್ಘ ನಿಟ್ಟುಸಿರು ಹೊರಡುತ್ತಿತ್ತು. ಕೂಡಿಸಲು ಬಾರದವರನ್ನು ಕಾಲೇಜಿಗೆ ಕಳಿಸಿ ಏನು ಪ್ರಯೋಜನವೆಂದು ಅಮ್ಮ ತಂಗಿಯನ್ನು ಕೇಳಿದರು. ಇಷ್ಟು ವರ್ಷ ಮನೆಯ ಲೆಕ್ಕವನ್ನು ಯಾರ ಕೈಯಲ್ಲಿ ಕೊಟ್ಟಿದ್ದೆನೋ ಎಂದು ಚಿಕ್ಕಮ್ಮ ಅಕ್ಕನಲ್ಲಿ ತೋಡಿಕೊಂಡರು. ಇಬ್ಬರೂ ಒಂದೇ ಮಣೆಯನ್ನು ನೋಡುತ್ತಿದ್ದೇವೆಂದು ಇಬ್ಬರೂ ಹೇಳಲಿಲ್ಲ. ನಡುವೆ ಒಮ್ಮೆ ಪರದೆ ಕ್ಷಣಕಾಲ ಸ್ತಬ್ಧವಾಗಿ ಮತ್ತೆ ಚಲಿಸಿತು. ಕೋಣೆ ಹಳೆಯ ಯಂತ್ರದಿಂದ ಹೊಸದಕ್ಕೆ ಹೋಯಿತು, ಒಂದು ಕಾಯಿಯೂ ಚೆಲ್ಲಲಿಲ್ಲ ಎಂದು ಸುಳ್ಯದ ಗೆಳೆಯನ ಸಂದೇಶ ಬಂತು. ಕಡಬದವರಿಗೆ ತಿಳಿಸಲು ಕಬಕದ ಗೆಳತಿ ಆಗಲೇ ಹೊರಟಿದ್ದಳು.

ಕೊನೆಗೆ, ಆಡುತ್ತಿದ್ದ ನಮ್ಮಿಬ್ಬರಲ್ಲಿ ಯಾರಿಗೂ ಹೇಗೆಂದು ತಿಳಿಯದ ರೀತಿಯಲ್ಲಿ, ಆಟ ಮುಗಿಯಿತು.

"ಮುಗೀತಾ?" ಎಂದು ಅಮ್ಮ ಕೇಳಿದರು. ತಲೆಯಾಡಿಸಿದೆ. ಯಾರು ಗೆದ್ದದ್ದೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದು, ಫೋನಿನತ್ತ ಬಾಗಿ, "ಹೂಂ, ಹೇಳು. ಪತ್ರೊಡೆಗೆ ಕೆಸುವಿನ ಎಲೆ ಎಲ್ಲಿಂದ ತಂದದ್ದು?" ಎಂದರು.